ಎಣ್ಣೆ ಬೆರೆಸಿದ ಕೈ

ಊರಿನವರು ಅವನನ್ನು ಕಿವಿಮೇಸ್ತ್ರಿ ಎನ್ನುತ್ತಿದ್ದರು. ಕಿವಿ ದೊಡ್ಡದಿತ್ತು ಎಂದಲ್ಲ. ಕೆಟ್ಟ ಯಂತ್ರವನ್ನು ತಂದು ಅಂಗಡಿಯ ಬೆಂಚಿನ ಮೇಲಿಟ್ಟು ಹಗ್ಗ ಎಳೆದರೆ ಸಾಕು, ಅದು ಎರಡು ಸಲ ಕೆಮ್ಮುವಷ್ಟರಲ್ಲಿ ಕಾರ್ಬೊರೇಟರ್ ಕಟ್ಟಿದೆ ಎಂದೋ, ಪ್ಲಗ್ ಸತ್ತಿದೆ ಎಂದೋ ಹೇಳಿಬಿಡುತ್ತಿದ್ದ. ಸ್ಪಾನರ್ ಮುಟ್ಟುವ ಮೊದಲೇ ತೀರ್ಪು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಿರುತ್ತಿತ್ತು. ಹತ್ತನೆಯ ಸಲ ತಪ್ಪಿದರೆ ತಪ್ಪನ್ನು ಯಂತ್ರದ ಮಾಲೀಕನ ತಲೆಗೆ ಕಟ್ಟುತ್ತಿದ್ದ. ಮೂವತ್ತು ವರ್ಷ ಹೀಗೆ ಸೈ ಎನಿಸಿಕೊಂಡ ಮನುಷ್ಯನಿಗೆ ತಾನೂ ಎಡವಬಹುದು ಎಂಬ ಯೋಚನೆ ಬರುವುದಾದರೂ ಎಲ್ಲಿಂದ?

ಅಂಗಡಿ ಎಂದರೆ ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ಐದು ಹೆಜ್ಜೆಯ ತಗಡಿನ ಕೋಣೆ. ಎಡಗಡೆ ಎಣ್ಣೆ ಕುಡಿದು ಕಪ್ಪಾದ ಬೆಂಚು, ಅದಕ್ಕೆ ಕಚ್ಚಿಕೊಂಡ ವೈಸಿನ ಇಕ್ಕಳ, ಬಿಚ್ಚಿದ ಸ್ಕ್ರೂ ಹಾಕಿಡುವ ಸೊಟ್ಟ ತಟ್ಟೆಗಳು. ಗೋಡೆಯ ಮೊಳೆಗಳಿಗೆ ಮರ ಕೊಯ್ಯುವ ಗರಗಸಗಳು, ಹುಲ್ಲು ಕತ್ತರಿಸುವ ಯಂತ್ರಗಳು, ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಪಂಪುಗಳು ತೂಗುತ್ತಿದ್ದವು. ಕೆಲವು ರಿಪೇರಿಗೆ ಬಂದವು, ಕೆಲವು ಬಾಡಿಗೆಗೆ ಹೋಗುವವು. ಹಿಂದಿನ ಗೋಡೆಗೆ ಎದೆಯೆತ್ತರದಲ್ಲಿ ಒಂದು ಹಲಗೆ. ಅದರ ಮೇಲೆ ಇಪ್ಪತ್ತು ಲೀಟರಿನ ನಾಲ್ಕು ಪ್ಲಾಸ್ಟಿಕ್ ಕ್ಯಾನುಗಳು. ಒಳಗೇನಿದೆ ಎಂದು ಕಾಣದಷ್ಟು ಹಳದಿಗಟ್ಟಿದ್ದವು. ಒಂದೊಂದರ ಬುಡದಲ್ಲೂ ಒಂದು ಹಿತ್ತಾಳೆಯ ನಲ್ಲಿ.

ಆ ನಲ್ಲಿ ಕಿವಿಮೇಸ್ತ್ರಿಯ ಅಣ್ಣನ ಬುದ್ಧಿ. ಅಂಗಡಿ ಹಾಕಿದವನೇ ಅಣ್ಣ. ಈ ಚಿಕ್ಕ ಎಂಜಿನ್ನುಗಳಿಗೆ ಎಣ್ಣೆಗೆಂದು ಬೇರೆ ಹೊಟ್ಟೆಯಿಲ್ಲ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಕುಡಿಸಬೇಕು. ಬೆರೆಸದಿದ್ದರೆ ಒಳಗಿನ ಪಿಸ್ಟನ್ ಒಣಗಂಟಲಲ್ಲಿ ಹತ್ತು ನಿಮಿಷ ಕಿರುಚಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಂದವರಿಗೆಲ್ಲ ಒಂದೊಂದು ಲೋಟ ಅಳೆದು ಬೆರೆಸುತ್ತಾ ಕೂತರೆ ಕೆಲಸ ಸಾಗುವುದಿಲ್ಲವೆಂದು, ಮಳೆಗಾಲ ಶುರುವಾಗುವ ಮೊದಲೇ ನಾಲ್ಕೂ ಕ್ಯಾನು ಬೆರೆಸಿ ಹಲಗೆಗೇರಿಸುವುದು ಅಣ್ಣ ಹಾಕಿಕೊಟ್ಟ ಪದ್ಧತಿ. ನಲ್ಲಿ ತಿರುಗಿಸಿದರೆ ಆಯಿತು. ಅವನ ಇನ್ನೊಂದು ಕಟ್ಟಳೆ, ಸಂಜೆ ಶಟರ್ ಎಳೆಯುವ ಮುನ್ನ ಕ್ಯಾನಿನ ಮುಚ್ಚಳಗಳನ್ನು ಅರ್ಧ ಸುತ್ತು ಸಡಿಲ ಮಾಡಬೇಕು. ಯಾವುದೋ ಬೇಸಿಗೆಯಲ್ಲಿ ಬಿಗಿಯಾಗಿ ಮುಚ್ಚಿದ್ದ ಕ್ಯಾನು ಉಬ್ಬಿ ಸೀಳಿ ಅಂಗಡಿಯೆಲ್ಲ ಪೆಟ್ರೋಲು ಹರಿದಿತ್ತಂತೆ. ಅಣ್ಣ ಸತ್ತು ಏಳು ವರ್ಷವಾಗಿದ್ದರೂ ಆ ಅರ್ಧ ಸುತ್ತನ್ನು ತಮ್ಮ ಒಂದು ಸಂಜೆಯೂ ತಪ್ಪಿಸಿರಲಿಲ್ಲ.

ಅಣ್ಣ ಹೋದ ಮೇಲೆ ಎಣ್ಣೆ ಬೆರೆಸುವ ಕೆಲಸ ಅತ್ತಿಗೆಯದಾಯಿತು. ಯಾರೂ ಕೊಟ್ಟದ್ದಲ್ಲ, ತಾವೇ ಹಿಡಿದದ್ದು. ಹದಿಮೂರನೆಯ ದಿನ ಬಂದು ಕ್ಯಾನುಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಅಳತೆಯ ಗೆರೆಯನ್ನು ಕಣ್ಣಿಗೆ ಸಮವಾಗಿ ಹಿಡಿದು ಹಸಿರು ಎಣ್ಣೆಯನ್ನು ಸುರಿದು, ಕ್ಯಾನನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುವರು. ನಲವತ್ತು ಸಲ. ಬಾಯಿಬಿಟ್ಟು ಎಣಿಸುವರು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಮೊದಲಿನಿಂದ ಶುರು.

ಅತ್ತಿಗೆಯ ಕೈ ಬಿಗಿ. ಅದು ಮನೆಯಲ್ಲೂ ಅಂಗಡಿಯಲ್ಲೂ ತಮಾಷೆಯ ವಿಷಯ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಕೆರೆಯುವ ಹೆಂಗಸು. ಖಾಲಿಯಾದ ಎಣ್ಣೆ ಬಾಟಲಿಗಳನ್ನು ಆಲಿಕೆಯ ಮೇಲೆ ತಲೆಕೆಳಗು ನಿಲ್ಲಿಸಿ ಮರುದಿನದವರೆಗೂ ಕೊನೆಯ ಹನಿಗೆ ಕಾಯುವರು. "ನಮ್ಮ ಅತ್ತಿಗೆ ಕಲ್ಲಿನಿಂದಲೂ ಎಣ್ಣೆ ಹಿಂಡ್ತಾರೆ" ಎಂದು ಕಿವಿಮೇಸ್ತ್ರಿ ಬಂದವರ ಮುಂದೆ ನಗಾಡುತ್ತಿದ್ದ. ಅತ್ತಿಗೆಯೂ ನಗುತ್ತಿದ್ದರು. ಅವರು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ, ತಾಯಿಯಿಲ್ಲದ ಹುಡುಗ. ಮೂಗು ಒರೆಸಿದ್ದು, ತಲೆಯ ಹೇನು ತೆಗೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅತ್ತಿಗೆಯೇ. ಅವರಿಗೆ ಮಕ್ಕಳಾಗಲಿಲ್ಲ. ಇವನೊಬ್ಬ ಸಾಕು ಎನ್ನುತ್ತಿದ್ದರು.

ಇಂಥ ಅತ್ತಿಗೆಯನ್ನು ಅವನು ಒಂದು ಚೂರು ಕಾಗದ ಹಿಡಿದುಕೊಂಡು ಬೀದಿಗೆ ಹಾಕಿದ.

ಆ ವರ್ಷದ ಮಳೆಗಾಲ ಅರ್ಧ ಕಳೆದಿತ್ತು. ಮರ ಕಡಿಯುವವನೊಬ್ಬ ಶಾಲೆಯ ಅಂಗಳದ ದೊಡ್ಡ ಮರ ಬೀಳಿಸಲು ಅಂಗಡಿಯಿಂದ ಗರಗಸ ಬಾಡಿಗೆಗೆ ಒಯ್ದ. ಎಂಥ ಮರವನ್ನಾದರೂ ಹತ್ತುವವನಾದ್ದರಿಂದ ಊರೆಲ್ಲ ಅವನನ್ನು ಕೋತಿ ಎನ್ನುತ್ತಿತ್ತು. ಫೋನಿನಲ್ಲಿ ಅವನೇ "ನಾನು ಕೋತಿ ಮಾತಾಡ್ತಿರೋದು" ಎನ್ನುವನು. ಗರಗಸದ ಟ್ಯಾಂಕಿನಲ್ಲಿ ಹಿಂದಿನ ವಾರದ ಪೆಟ್ರೋಲು ಅರ್ಧ ಇತ್ತು. ಉಳಿದರ್ಧವನ್ನು ಅತ್ತಿಗೆ ಮೂರನೆಯ ಕ್ಯಾನಿನ ನಲ್ಲಿ ತಿರುಗಿಸಿ ತುಂಬಿಸಿಕೊಟ್ಟರು. ಕಾಂಡದೊಳಗೆ ಮುಕ್ಕಾಲು ಪಾಲು ಹೋದ ಮೇಲೆ ಗರಗಸ ಇದ್ದಕ್ಕಿದ್ದಂತೆ ಚೀರಿ ಕಚ್ಚಿಕೊಂಡು ನಿಂತಿತು. ಎಳೆದರೆ ಬರಲಿಲ್ಲ. ಕೋತಿ ಕಾಲು ಕೊಟ್ಟು ಎಳೆಯುವ ಹೊತ್ತಿಗೆ ಗಾಳಿ ಬೀಸಿತು. ಕಾಂಡ ಸೀಳಿ ಹಿಂದಕ್ಕೆ ಜಾರಿ ತೊಡೆಯ ಮೇಲೆ ಬಿತ್ತು. ಮೂಳೆ ಎರಡು ಕಡೆ ಮುರಿಯಿತು.

ಮರುದಿನ ಕೋತಿಯ ಹೆಂಡತಿ, ಅವಳ ಅಣ್ಣ, ಜೊತೆಗೆ ಏಳೆಂಟು ಜನ ಅಂಗಡಿಗೆ ಬಂದರು. ಗರಗಸವನ್ನು ಬೆಂಚಿನ ಮೇಲೆ ಕುಕ್ಕಿದರು.

"ನನ್ನ ಗಂಡ ಮರದಿಂದ ಬಿದ್ದೋರಲ್ಲ ಮೇಸ್ತ್ರಿ. ನಿನ್ನ ಮಿಷನ್ ನಿಂತಿದ್ದಕ್ಕೆ ಹೀಗಾಯ್ತು. ಯಾಕೆ ನಿಂತಿತು ಅಂತ ನಮ್ಮ ಮುಂದೇನೇ ಬಿಚ್ಚಿ ಹೇಳು" ಎಂದಳು ಅವಳು.

ಕಿವಿಮೇಸ್ತ್ರಿ ಬಿಚ್ಚಿದ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು; ಬೆರಳಿಟ್ಟರೆ ಒಣಗಿದ್ದು. ಜಿಡ್ಡಿನ ಸುಳಿವೇ ಇಲ್ಲ. "ಎಣ್ಣೆಯಿಲ್ಲದೆ ಓಡಿದೆ" ಎಂದು ಬಾಯಿಂದ ಬಂದುಹೋಯಿತು. ಬಂದದ್ದು ನಿಜವೇ ಆಗಿತ್ತು. ಆದರೆ ಅಲ್ಲಿಗೆ ನಿಲ್ಲಿಸಿದ್ದರೆ ಅವನು ಕಿವಿಮೇಸ್ತ್ರಿ ಹೇಗಾದಾನು? ಏಳೆಂಟು ಜನ ನೋಡುತ್ತಿದ್ದಾರೆ, ತಪ್ಪು ಎಲ್ಲಿ ಎಂದು ಬೆರಳು ತೋರಿಸಬೇಕು.

ಈ ಕಸುಬಿನವರಿಗೆಲ್ಲ ಗೊತ್ತಿರುವ ಪರೀಕ್ಷೆಯೊಂದಿದೆ. ಬೆರೆಸಿದ ಪೆಟ್ರೋಲಿನ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟರೆ ಪೆಟ್ರೋಲು ಆರಿಹೋಗುತ್ತದೆ, ಎಣ್ಣೆ ಕಲೆಯಾಗಿ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಮಕ್ಕಳಿಗೂ ಕಾಣುತ್ತದೆ. ಅವನು ಬಿಳಿ ಹಾಳೆ ಹರಿದ. ಮೂರನೆಯ ಕ್ಯಾನಿನ ನಲ್ಲಿಯ ಕೆಳಗೆ ಹಿಡಿದು ಹನಿ ಬೀಳಿಸಿದ. ಎಲ್ಲರೂ ಸುತ್ತ ನೆರೆದರು. ಹನಿ ಆರಲು ಬಹಳ ಹೊತ್ತು ಹಿಡಿಯಿತು. ಆರಿದ ಮೇಲೆ ಕಾಗದ ಅಲ್ಲಲ್ಲಿ ಸುಕ್ಕಾಗಿತ್ತು. ಬೆಳಕಿಗೆ ಹಿಡಿದ. ಕಲೆಯಿಲ್ಲ.

ಆಲಿಕೆ ಕೈಯಲ್ಲಿ ಹಿಡಿದು ಹಲಗೆಯ ಪಕ್ಕ ನಿಂತಿದ್ದ ಅತ್ತಿಗೆಯ ಕಡೆ ಎಲ್ಲರ ಕಣ್ಣೂ ತಿರುಗಿದವು.

"ಎಷ್ಟು ಉಳೀತು ಅತ್ತಿಗೆ?" ಎಂದ ಕಿವಿಮೇಸ್ತ್ರಿ.

ಯಾರೋ ಹಿಂದಿನಿಂದ ಪಕ್ಕನೆ ನಕ್ಕರು. ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದ ಆಲಿಕೆಯನ್ನು ಹಲಗೆಯ ಮೇಲಿಟ್ಟರು.

"ನಾನು ಹಾಕಿದ್ದೀನಿ ಕಣೋ" ಎಂದರು.

"ಕಾಗದ ಸುಳ್ಳು ಹೇಳಲ್ಲ ಅತ್ತಿಗೆ."

"ಹಾಗಾದ್ರೆ ನಾನು ಹೇಳ್ತೀನಾ?"

ಅವನು ಕಾಗದವನ್ನು ಕೋತಿಯ ಭಾವಮೈದುನನ ಕೈಗೆ ಕೊಟ್ಟ. ಅವನು ನೋಡಿ ಪಕ್ಕದವನಿಗೆ ಕೊಟ್ಟ. ಕಾಗದ ಅಂಗಡಿಯಿಂದ ಹೊರಗೆ ಹೋಯಿತು. ಮಾತು ಅದಕ್ಕಿಂತ ಬೇಗ ಹೋಯಿತು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಿತ್ತು: ಎರಡು ಹನಿ ಎಣ್ಣೆ ಉಳಿಸೋಕೆ ಹೋಗಿ ಮುದುಕಿ ಒಬ್ಬನ ಕಾಲು ಮುರಿದಳು. ಐವತ್ತೆಂಟರ ಹೆಂಗಸು ಅಂದೇ ಮುದುಕಿಯಾದರು. ಕೈ ಬಿಗಿ ಎಂದು ಇಷ್ಟು ವರ್ಷ ನಕ್ಕದ್ದೆಲ್ಲ ಈಗ ಸಾಕ್ಷಿಯಾಗಿ ನಿಂತಿತು. ಸಾಕ್ಷಿ ಒದಗಿಸಿದವನೂ ಇವನೇ.

ನಾಲ್ಕನೆಯ ದಿನ ಅತ್ತಿಗೆ ಎರಡು ಚೀಲ ಕಟ್ಟಿಕೊಂಡು ತಂಗಿಯ ಊರಿಗೆ ಹೊರಟರು. ಬಸ್ಸಿಗೆ ಮೂರು ಗಂಟೆಯ ದಾರಿ. ಜಗಳವಾಡಲಿಲ್ಲ, ಅಳಲಿಲ್ಲ. ಕಿವಿಮೇಸ್ತ್ರಿಯ ಹೆಂಡತಿ ಬಾಗಿಲವರೆಗೆ ಬಂದು "ಇರಿ ಅಕ್ಕ" ಎಂದಳು, ಒಂದೇ ಸಲ. ಅಡುಗೆಮನೆ ಪೂರ್ತಿ ತನ್ನದಾಗುವ ದಿನಕ್ಕೆ ಇಪ್ಪತ್ತು ವರ್ಷ ಕಾದವಳು ಎರಡನೆಯ ಸಲ ಹೇಳುವ ಗೋಜಿಗೆ ಹೋಗಲಿಲ್ಲ.

ಒಂದು ವರ್ಷವಾಯಿತು. ಮತ್ತೆ ಮಳೆಗಾಲ ಬಂತು. ಈ ಸಲ ನಾಲ್ಕೂ ಕ್ಯಾನುಗಳಿಗೆ ಕಿವಿಮೇಸ್ತ್ರಿ ತಾನೇ ಎಣ್ಣೆ ಬೆರೆಸಿದ. ಗೆರೆಗಿಂತ ಎರಡು ಬೆರಳು ಹೆಚ್ಚೇ ಹಾಕಿದ. ಯಂತ್ರಗಳು ನೀಲಿ ಹೊಗೆ ಕಾರಿದವು. "ಏನ್ ಮೇಸ್ತ್ರಿ, ಸೊಳ್ಳೆ ಓಡಿಸ್ತೀಯಾ?" ಎಂದು ಜನ ಕಿಚಾಯಿಸಿದರು. ಹೊಗೆ ಕಂಡಷ್ಟೂ ಅವನಿಗೆ ಸಮಾಧಾನ. ಕಾಲು ಎರಡು ಬೆರಳು ಗಿಡ್ಡವಾಗಿ ಕುಂಟುತ್ತಿದ್ದ ಕೋತಿಯೂ ಅವನ ಅಂಗಡಿಗೇ ಬರುತ್ತಿದ್ದ. ಮರ ಹತ್ತಲಾಗದೆ ಕೆಳಗೆ ನಿಂತು ಆಳುಗಳಿಂದ ಕಡಿಸುತ್ತಿದ್ದ. ನ್ಯಾಯ ಹೇಳುವಾಗ ಸ್ವಂತ ಮನೆಯವರನ್ನೂ ಬಿಡದ ಮನುಷ್ಯ ಎಂದು ಅವನಿಗೆ ಮೇಸ್ತ್ರಿಯ ಮೇಲೆ ಗೌರವ.

ಮಳೆ ಹಿಡಿದು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಾಲೆಯ ತೋಟದವನು ಹುಲ್ಲು ಕತ್ತರಿಸುವ ಯಂತ್ರವನ್ನು ಹೊತ್ತು ತಂದ. ನಿನ್ನೆ ಇಲ್ಲೇ ತುಂಬಿಸಿಕೊಂಡು ಹೋದದ್ದು, ಕಾಲು ಗಂಟೆ ಓಡಿ ಕಚ್ಚಿಕೊಂಡಿದೆ ಎಂದ. ಕಿವಿಮೇಸ್ತ್ರಿ ಹಗ್ಗ ಎಳೆದ. ಹಗ್ಗ ಅಲುಗಲಿಲ್ಲ, ಕೇಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬಿಚ್ಚಿದ. ಪಿಸ್ಟನ್ನಿನ ಮೇಲೆ ಅದೇ ಗೀರು, ಅದೇ ಒಣಗಿದ ಮೈ.

ತೋಟದವನನ್ನು ನಾಳೆ ಬಾ ಎಂದು ಕಳಿಸಿ, ಹಾಡುಹಗಲೇ ಶಟರನ್ನು ಅರ್ಧಕ್ಕೆ ಎಳೆದ. ಬಿಳಿ ಹಾಳೆ ಹರಿದು, ಅವನಿಗೆ ನಿನ್ನೆ ತುಂಬಿಸಿಕೊಟ್ಟ ಕ್ಯಾನಿನ ನಲ್ಲಿಯ ಕೆಳಗೆ ಹಿಡಿದ. ಹನಿ ಆರಲಿಲ್ಲ, ಆರಲಿಲ್ಲ. ಕೊನೆಗೆ ಆರಿದಾಗ ಕಾಗದ ನೀರಿಗೆ ನೆಂದು ಒಣಗಿದ ಹಾಗೆ ಸುಕ್ಕಾಯಿತು. ಬೆಳಕಿಗೆ ಹಿಡಿದ. ಕಲೆಯಿಲ್ಲ. ಎಣ್ಣೆ ಬೆರೆಸಿದ್ದು ಅವನದೇ ಕೈ, ಎರಡು ಬೆರಳು ಹೆಚ್ಚಿಗೆ. ಕಾಗದ ಮಾತ್ರ ಹಾಕೇ ಇಲ್ಲ ಎನ್ನುತ್ತಿತ್ತು.

ಪೆಟ್ರೋಲಿನ ಹನಿ ಕಾಗದವನ್ನು ಸುಕ್ಕು ಮಾಡುವುದಿಲ್ಲ, ಕ್ಷಣದಲ್ಲಿ ಆರಿಹೋಗುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವೇ? ಹೋದ ವರ್ಷವೂ ಸುಕ್ಕಾಗಿತ್ತು. ಅವನು ಕಂಡಿದ್ದ. ಏನೋ ಸರಿಯಿಲ್ಲ ಎಂದು ಒಂದು ಕ್ಷಣ ಅನ್ನಿಸಿಯೂ ಇತ್ತು. ಏಳೆಂಟು ಜನ ಕಾಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಆ ಅನ್ನಿಸಿಕೆಯನ್ನು ನುಂಗಿಕೊಂಡಿದ್ದ. ಕಿವಿಮೇಸ್ತ್ರಿ ಅತ್ತಿಗೆಯ ಸ್ಟೂಲಿನ ಮೇಲೆ ಕುಸಿದು ಕೂತ.

ಆಮೇಲೆ ಆ ಕ್ಯಾನಿನಿಂದ ಒಂದು ಗಾಜಿನ ಭರಣಿಗೆ ತುಂಬಿಸಿದ. ನಲ್ಲಿಯಿಂದ ಅರ್ಧ, ಮೇಲಿನ ಬಾಯಿಯಿಂದ ಅರ್ಧ. ಐದು ನಿಮಿಷದಲ್ಲಿ ಅದು ಎರಡಾಗಿ ನಿಂತಿತು. ಮೇಲೆ ಹಸಿರು ಬಣ್ಣದ್ದು, ಕೆಳಗೆ ಬಣ್ಣವಿಲ್ಲದ್ದು. ನಡುವೆ ಗೆರೆ ಎಳೆದಂತೆ. ಹಾಕಿದ ಎಣ್ಣೆಯೆಲ್ಲ ಮೇಲಿತ್ತು; ನಲ್ಲಿ ಇದ್ದದ್ದು ಕೆಳಗೆ.

ಬಂಕಿನವರು ನೀರು ಬೆರೆಸಿದ್ದಾರೆ! ಭರಣಿ ಹಿಡಿದುಕೊಂಡು ಪೆಟ್ರೋಲ್ ಬಂಕಿಗೆ ಓಡಿದ. ಅಲ್ಲಿ ಪೆಟ್ರೋಲು ಹಾಕುವ ಹೆಂಗಸು ಅವನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಭರಣಿ ನೋಡಿ, ಪಂಪಿನ ಮೇಲೆ ಅಂಟಿಸಿದ್ದ ಚೀಟಿಗೆ ಬೆರಳು ಮಾಡಿದಳು. ಅಂಚು ಹರಿದು ಬಣ್ಣ ಹೋಗಿದ್ದ ಚೀಟಿ.

"ಇದು ಅಂಟಿಸಿ ಎರಡು ವರ್ಷ ಆಯ್ತು. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇರತ್ತೆ ಅಂತ ಬರೆದಿದೆಯಲ್ಲ, ಸ್ಪಿರಿಟ್ಟು. ಅದು ನೀರು ಕಂಡ್ರೆ ಬಿಡಲ್ಲ, ಎಳ್ಕೊಳ್ಳತ್ತೆ. ಜಾಸ್ತಿ ಆದ್ರೆ ನೀರು ಸ್ಪಿರಿಟ್ಟು ಎರಡೂ ಸೇರಿ ತಳಕ್ಕೆ ಇಳಿಯತ್ತೆ. ನೀವು ಇದನ್ನ ಎಷ್ಟು ದಿನ ಇಟ್ಟಿದ್ರಿ?"

"ಎರಡು ತಿಂಗಳು."

"ಮುಚ್ಚಳ ಬಿಗಿಯಾಗಿತ್ತಾ?"

ಅವನು ಭರಣಿಯ ಮುಚ್ಚಳವನ್ನು ಇನ್ನೂ ಅರ್ಧ ಸುತ್ತು ಬಿಗಿ ಮಾಡಿದ.

"ದಿನಾ ಬರೋ ಮೆಕ್ಯಾನಿಕ್ಕು ನೀವು, ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ" ಎಂದಳು ಅವಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವನಿಗೆ ಬೈಯಲಾದರೂ ಆಗುತ್ತಿತ್ತು. ಆ ಚೀಟಿಯನ್ನು ಅವನು ನೂರು ಸಲ ನೋಡಿದ್ದ. ಯಾವುದೋ ಜಾಹೀರಾತು ಎಂದುಕೊಂಡಿದ್ದ.

ಅಂಗಡಿಗೆ ಬಂದು ಸ್ಟೂಲು ಹತ್ತಿ ಹಲಗೆಯ ಮೇಲೆ ನೋಡಿದ. ಮಳೆಗೆ ಬೆವರುವ ತಗಡಿನಿಂದ ಹನಿ ಬಿದ್ದು ಬಿದ್ದು ಕ್ಯಾನಿನ ನೆತ್ತಿಯ ತಗ್ಗಿನಲ್ಲಿ ನೀರು ನಿಂತಿತ್ತು. ಮುಚ್ಚಳ ಅದರ ನಡುವೆ. ಅರ್ಧ ಸುತ್ತು ಸಡಿಲ. ಅಣ್ಣನ ಕಾಲದ ಪೆಟ್ರೋಲಿಗೆ ಆ ಕಟ್ಟಳೆ ಸರಿಯಿತ್ತು. ಇಳಿದ ನೀರು ತಳದಲ್ಲಿ ಅಂಗಿಯ ಗುಂಡಿಯಷ್ಟಾಗಿ ಬೇರೆ ನಿಂತಿರುತ್ತಿತ್ತು, ಮೊದಲ ಲೋಟ ಚೆಲ್ಲಿದರೆ ಮುಗಿಯಿತು. ಈಗಿನದು ಅದನ್ನು ಸದ್ದಿಲ್ಲದೆ ಕುಡಿದು ಕೂರುತ್ತದೆ. ಕುಡಿಸಿದವನು ಇವನು, ಪ್ರತಿ ಸಂಜೆ, ಶ್ರದ್ಧೆಯಿಂದ. ಕೋತಿಯ ಕಾಲು ಮುರಿದದ್ದು ಅತ್ತಿಗೆಯ ಬಿಗಿ ಕೈಯಲ್ಲ, ಇವನ ಸಡಿಲ ಮುಚ್ಚಳ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು.

"ಆಗಿದ್ದು ಆಯ್ತು. ಈಗ ಕೆದಕಿದ್ರೆ ಕೋತಿ ಮನೆಯೋರು ನಿಮ್ಮ ಕುತ್ತಿಗೆಗೆ ಬರ್ತಾರೆ. ಅಕ್ಕ ಅಲ್ಲಿ ಚೆನ್ನಾಗೇ ಇದ್ದಾರಲ್ಲ" ಎಂದಳು.

ನಾಚಿಕೆಗೇಡಿನ ಸಂಗತಿಯೆಂದರೆ ಆ ಮಾತು ಅವನಿಗೆ ಹಿತವಾಯಿತು. ಮೂರು ವಾರ ಅದೇ ಮಾತಿನ ನೆರಳಲ್ಲಿ ಕಳೆದ. ಕ್ಯಾನುಗಳನ್ನು ಖಾಲಿ ಮಾಡಿ ನಲ್ಲಿ ಕಿತ್ತು ಹಾಕಿದ, ಬೇಕಾದಾಗ ಬೇಕಾದಷ್ಟೇ ಬೆರೆಸತೊಡಗಿದ, ಯಾಕೆ ಎಂದು ಕೇಳಿದವರಿಗೆ "ಹೊಸ ಪದ್ಧತಿ" ಎಂದ. ಆದರೆ ಊಟಕ್ಕೆ ಕೂತರೆ "ಹಾಗಾದ್ರೆ ನಾನು ಹೇಳ್ತೀನಾ?" ಎಂಬ ದನಿ ಕೇಳುತ್ತಿತ್ತು. ಎಂಜಿನ್ನಿನ ಒಳಗಿನ ಪಿಸುಮಾತೂ ಕೇಳುವ ಕಿವಿಗೆ ಎದುರು ನಿಂತ ಹೆಂಗಸು ಬಾಯಿಬಿಟ್ಟು ಹೇಳಿದ್ದು ಕೇಳಿಸದೆ ಹೋಗಿತ್ತು. ನಾಲ್ಕನೆಯ ವಾರ ಬಸ್ಸು ಹತ್ತಿದ.

ಅತ್ತಿಗೆ ತಂಗಿಯ ಮನೆಯ ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಒಳಕೋಣೆಯಲ್ಲಿ ಇಸ್ತ್ರಿಯ ಹಬೆ. ಮೇಲೆ ತಂತಿಯ ತುಂಬ ಯಾರಯಾರದೋ ಕೋಟುಗಳು. ಅತ್ತಿಗೆ ನೆಲದ ಮೇಲೆ ಕೂತು ಬಟ್ಟೆಗಳ ಕಾಲರಿಗೆ ನಂಬರಿನ ಚೀಟಿ ಹೊಲಿಯುತ್ತಿದ್ದರು. ಕನ್ನಡಕ ಹೊಸದು. ತೆಳ್ಳಗಾಗಿದ್ದರು.

"ಬಂದೆಯಾ? ಊಟ ಆಯ್ತಾ?" ಎಂದರು.

ನಿಂತುಕೊಂಡೇ ಎಲ್ಲ ಹೇಳಿದ. ಸ್ಪಿರಿಟ್ಟು, ನೀರು, ನಲ್ಲಿ, ಮುಚ್ಚಳ. ಅವರು ಸೂಜಿ ನಿಲ್ಲಿಸಲಿಲ್ಲ. ಮುಗಿಸಿದ ಮೇಲೆ ದಾರವನ್ನು ಹಲ್ಲಿನಿಂದ ಕತ್ತರಿಸಿದರು.

"ನಾನು ಹಾಕಿದ್ದೆ ಅಂತ ನನಗೆ ಅವತ್ತೇ ಗೊತ್ತಿತ್ತಲ್ಲೋ. ಇದನ್ನ ನನಗ್ಯಾಕೆ ಹೇಳ್ತೀಯಾ?"

"ತಪ್ಪಾಯ್ತು ಅತ್ತಿಗೆ. ಮನೆಗೆ ಬನ್ನಿ."

"ಬರ್ತೀನಿ. ಬರಬಾರದು ಅಂತೇನಿಲ್ಲ. ಆದ್ರೆ ಅವತ್ತು ಯಾರ್ಯಾರ ಮುಂದೆ ಆಡಿದೆಯೋ ಅವರೆಲ್ಲರ ಮುಂದೆ ಹೇಳು, ನಾನು ಎಣ್ಣೆ ಹಾಕಿದ್ದೆ ಅಂತ. ನಾನು ಅಲ್ಲೇ ನಿಂತು ಕೇಳಿಸ್ಕೋಬೇಕು. ಅಷ್ಟೇ. ಅವರು ಹೌದು ಅಂದ್ರೆ ಅವತ್ತೇ ಚೀಲ ಕಟ್ತೀನಿ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಬರುತ್ತದೆ, ಇಷ್ಟು ಸುಲಭವಾಗಿ ಬರುತ್ತದೆ ಎಂದುಕೊಂಡು ಅವನು ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ಕೋತಿಯನ್ನೂ ಅವನ ಹೆಂಡತಿಯನ್ನೂ ಅವಳ ಅಣ್ಣನನ್ನೂ ಅಂದು ಬಂದಿದ್ದ ಉಳಿದವರನ್ನೂ ಮನೆಮನೆಗೆ ಹೋಗಿ ಕರೆತಂದ. ಅತ್ತಿಗೆ ಮೊದಲ ಬಸ್ಸಿಗೆ ಬಂದು, ತೊಳೆದಿಟ್ಟ ಒಳ್ಳೆಯ ಸೀರೆಯುಟ್ಟು, ಶಟರಿನ ಪಕ್ಕ ನಿಂತಿದ್ದರು. ಚೀಲ ತಂದಿರಲಿಲ್ಲ.

ಕಿವಿಮೇಸ್ತ್ರಿ ಭರಣಿ ಇಟ್ಟ. ಎಲ್ಲರ ಎದುರೇ ಹೊಸ ಪೆಟ್ರೋಲು ಸುರಿದು ಎಣ್ಣೆ ಬೆರೆಸಿದ. ಕಾಗದದ ಮೇಲೆ ಹನಿ ಬಿಟ್ಟು ಕಲೆ ತೋರಿಸಿದ. ಆಮೇಲೆ ನೀರು ಹಾಕಿ ಕುಲುಕಿ ಇಟ್ಟ. ಹಸಿರು ಮೇಲೆ, ಬಣ್ಣವಿಲ್ಲದ್ದು ಕೆಳಗೆ. ತಳದ ಹನಿಯನ್ನು ಕೊಳವೆಯಿಂದ ತೆಗೆದು ಕಾಗದದ ಮೇಲೆ ಬಿಟ್ಟ. ಕಲೆಯಿಲ್ಲ.

"ನೋಡಿ. ಎಣ್ಣೆ ಇದೆ, ನಿಮ್ಮ ಮುಂದೇನೇ ಹಾಕಿದ್ದೀನಿ. ಆದ್ರೂ ಕಾಗದ ಇಲ್ಲ ಅನ್ನತ್ತೆ. ಅವತ್ತೂ ಹೀಗೇ ಆಗಿದ್ದು. ನಮ್ಮ ಅತ್ತಿಗೆ ಎಣ್ಣೆ ಹಾಕಿದ್ರು. ತಪ್ಪು ನಂದು."

ಕೋತಿಯ ಭಾವಮೈದುನ ಭರಣಿಯನ್ನು ಬಗ್ಗಿ ನೋಡಿದ.

"ನೀರು ಹಾಕಿದೆ, ಕೆಳಗೆ ನೀರು ನಿಂತಿದೆ. ನೀರಲ್ಲಿ ಎಣ್ಣೆ ಎಲ್ಲಿ ಬರತ್ತೆ? ಅಂದ್ರೆ ಅವತ್ತು ಅಮ್ಮ ನೀರೂ ಹಾಕಿದ್ರು ಅಂತೀಯಾ?"

"ಅವರು ಹಾಕಿಲ್ಲ! ಅದು ತಾನಾಗೇ ಸೇರಿದ್ದು. ನಾನು ಮುಚ್ಚಳ ಸಡಿಲ ಬಿಡ್ತಿದ್ದೆ."

"ನಿಮ್ಮಣ್ಣನ ಕಾಲದಿಂದ ಸಡಿಲ ಬಿಡ್ತಿದ್ರಿ. ಆಗ ಯಾರ ಕಾಲೂ ಮುರೀಲಿಲ್ಲ."

"ಆಗಿನ ಪೆಟ್ರೋಲ್ ಬೇರೆ. ಈಗ ಅದರಲ್ಲಿ ಸ್ಪಿರಿಟ್ ಇದೆ."

"ನಾವೂ ಅದೇ ಪೆಟ್ರೋಲ್ ಹಾಕ್ಕೊಂಡು ಗಾಡಿ ಓಡಿಸ್ತಿಲ್ವಾ ಮೇಸ್ತ್ರಿ? ನಮ್ಮದೇನೂ ಕಚ್ಕೊಂಡಿಲ್ಲವಲ್ಲ" ಎಂದರು ಇನ್ನೊಬ್ಬರು. ಎರಡು ಮೂರು ಜನ ನಕ್ಕರು. ಕೆಟ್ಟ ನಗೆಯಲ್ಲ, ಮಗು ತೊದಲಿದಾಗ ನಗುವ ಹಾಗೆ.

ಕಿವಿಮೇಸ್ತ್ರಿ "ಯಾಕೆ ನಂಬಲ್ಲ? ಕಣ್ಣಿಂದ ನೋಡಿದ್ರಲ್ಲ! ಕಸುಬು ನಂದು, ನಾನು ಹೇಳ್ತಿದ್ದೀನಿ!" ಎಂದು ಬೆಂಚು ಗುದ್ದಿದ. ಭರಣಿ ಅಲುಗಾಡಿ ಗೆರೆ ಕದಡಿತು.

ಆಗ ಕೋತಿ ಕೋಲು ಊರಿಕೊಂಡು ಎದ್ದ. ಕುಂಟುತ್ತಾ ಬಂದು ಕಿವಿಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ಅವನು ಒಳ್ಳೆಯವನು, ಆ ಬೆಳಿಗ್ಗೆ ಅಲ್ಲಿದ್ದವರೆಲ್ಲ ಒಳ್ಳೆಯವರೇ.

"ಸಾಕು ಮೇಸ್ತ್ರಿ, ನಿನ್ನ ಮನಸ್ಸು ಅರ್ಥ ಆಯ್ತು. ಕಾಗದ ಸುಳ್ಳು ಹೇಳಲ್ಲ ಅಂತ ಅವತ್ತು ನೀನೇ ಹೇಳಿದ್ದು, ಮರೆತಿಲ್ಲ. ತಾಯಿ ಹಾಗೆ ಸಾಕಿದೋರು ಅಂತ ತಪ್ಪನ್ನ ನಿನ್ನ ಮೇಲೆ ಎಳ್ಕೊಳ್ತಿದ್ದೀಯಾ. ಇಂಥ ದೊಡ್ಡ ಮನಸ್ಸು ಯಾರಿಗೆ ಬರತ್ತೆ?"

"ಎಳ್ಕೊಳ್ತಿಲ್ಲ ಕಣೋ, ತಪ್ಪು ನಂದೇ—"

"ಆಯ್ತು, ನಿಂದೇ" ಎಂದ ಕೋತಿ ನಗುತ್ತಾ. ಅತ್ತಿಗೆಯ ಕಡೆ ತಿರುಗಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿದ. "ಇಂಥ ಮೈದುನನ್ನ ಪಡೆಯೋಕೆ ಪುಣ್ಯ ಮಾಡಿರಬೇಕು ಅಮ್ಮ. ಏನೋ ಆಗಬಾರದ್ದು ಆಗಿಹೋಯ್ತು. ವಯಸ್ಸಾದ ಮೇಲೆ ಕೈ ತಪ್ಪತ್ತೆ. ನಾವು ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಆರಾಮಾಗಿ ಬಂದು ಇರಿ."

"ಹೌದಮ್ಮ, ಬಂದು ಇರಿ" ಎಂದಳು ಕೋತಿಯ ಹೆಂಡತಿಯೂ. ಮುಂದೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡಳು. ಉಳಿದವರು ತಲೆಯಾಡಿಸಿದರು.

ಅತ್ತಿಗೆ ಮೆಲ್ಲಗೆ ಕೈ ಬಿಡಿಸಿಕೊಂಡು, ಯಾರನ್ನೂ ನೋಡದೆ ಬೀದಿಗಿಳಿದರು.

ಕಿವಿಮೇಸ್ತ್ರಿ ಬಸ್ ನಿಲ್ದಾಣದವರೆಗೂ ಹಿಂದೆಯೇ ಓಡಿದ. "ಅತ್ತಿಗೆ, ನಾನು ಹೇಳಿದೆನಲ್ಲ. ನೀವು ಹೇಳಿದ ಹಾಗೇ ಎಲ್ಲರ ಮುಂದೆ ಹೇಳಿದೆ. ಇನ್ನೊಂದು ಸಲ ಹೇಳ್ತೀನಿ, ಬಂಕಿನ ಆಯಮ್ಮನ್ನ ಕರ್ಕೊಂಡು ಬರ್ತೀನಿ, ಚೀಟಿ ತೋರಿಸ್ತೀನಿ..."

ಅತ್ತಿಗೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಹೋದ ವರ್ಷ ಬೈದ್ರು. ತಡ್ಕೊಂಡೆ, ನಾನು ಮಾಡಿಲ್ಲ ಅಂತ ಒಳಗೆ ಒಂದು ಧೈರ್ಯ ಇತ್ತು. ಇವತ್ತು ಕ್ಷಮಿಸಿಬಿಟ್ರಲ್ಲೋ. ಇದನ್ನ ಹೊತ್ಕೊಂಡು ಅವರ ಬೀದೀಲಿ ನಾನು ಹೇಗೆ ಓಡಾಡ್ಲಿ?"

ಬಸ್ಸು ಹೊರಟಿತು.

ಅಂಗಡಿಗೆ ಮರಳಿದಾಗ ಜನ ಚದುರಿದ್ದರು. ಕೋತಿಯೊಬ್ಬನೇ ಬೆಂಚಿಗೆ ಒರಗಿ ಕಾಯುತ್ತಿದ್ದ. ಮಧ್ಯಾಹ್ನದ ಕೆಲಸಕ್ಕೆ ಒಂದು ಗರಗಸವನ್ನು ಗೋಡೆಯಿಂದ ತಾನೇ ಇಳಿಸಿ, ಟ್ಯಾಂಕಿನ ಮುಚ್ಚಳ ಬಿಚ್ಚಿ ಇಟ್ಟುಕೊಂಡಿದ್ದ.

"ಅಮ್ಮ ಹೋದ್ರಾ? ಪಾಪ, ನಾಚಿಕೆ ಆಗಿರತ್ತೆ. ಸ್ವಲ್ಪ ದಿನ ಬಿಡು, ಸರಿಹೋಗ್ತಾರೆ" ಎಂದ.

ಕಿವಿಮೇಸ್ತ್ರಿ ಬೆಳಿಗ್ಗೆ ಬೆರೆಸಿಟ್ಟಿದ್ದ ಡಬ್ಬಿಯನ್ನು ಕೈಗೆತ್ತಿಕೊಂಡ. ಆಲಿಕೆ ಇಟ್ಟು ಸುರಿಯಲು ಬಗ್ಗಿಸಿದಾಗ ಕೋತಿ ಅವನ ಮಣಿಕಟ್ಟು ಹಿಡಿದು ತಡೆದ.

"ಎಣ್ಣೆ ನೀನೇ ಹಾಕಿದ್ದು ತಾನೇ?"

"ಹೂಂ, ನಾನೇ" ಎಂದ ಕಿವಿಮೇಸ್ತ್ರಿ.

"ಹಾಗಾದ್ರೆ ತುಂಬು" ಎಂದ ಕೋತಿ.